ಶ್ರಾದ್ಧಕ್ಕೆ ಮೊದಲು ತಮ್ಮನ ಮನೆಗೆ ಹೋಗಬೇಕೇ?

ಪ್ರಶ್ನೆ: ನಮ್ಮ ತಂದೆಯವರು ತೀರಿಕೊಂಡು ನಾಲ್ಕು ವರ್ಷವಾಯಿತು. ಅವರು ಬಿಟ್ಟುಹೋದ ಸೈಟಿನ ವಿಚಾರದಲ್ಲಿ ನನಗೂ ನನ್ನ ತಮ್ಮನಿಗೂ ಮಾತು ನಿಂತಿದೆ. ಇಬ್ಬರೂ ಬೇರೆ ಬೇರೆಯಾಗಿ ಶ್ರಾದ್ಧ ಮಾಡುತ್ತಿದ್ದೇವೆ. ತಿಥಿ, ಮಡಿ, ಬ್ರಾಹ್ಮಣ ಭೋಜನ, ಪಿಂಡಪ್ರದಾನ ಯಾವುದಕ್ಕೂ ನಾನು ಲೋಪ ಮಾಡಿಲ್ಲ. ಆದರೂ ಮನೆಯಲ್ಲಿ ನೆಮ್ಮದಿ ಇಲ್ಲ. ಜಾತಕ ತೋರಿಸಿದಾಗ ಪಿತೃದೋಷವಿದೆ, ದೊಡ್ಡ ಶಾಂತಿ ಆಗಬೇಕು ಎಂದರು. ಕ್ರೈಸ್ತರು ನಡೆಸುವ ಕಾಲೇಜಿನಲ್ಲಿ ಓದುವ ನನ್ನ ಮಗಳು ಮೊನ್ನೆ, "ಅಪ್ಪಾ, ಅವರ ಧರ್ಮದಲ್ಲಿ ಮನಸ್ಸು ಬದಲಾಗಬೇಕು ಅಂತಾರೆ, ನಮ್ಮಲ್ಲಿ ಬರೀ ನಿಯಮ. ನೀನು ಇಷ್ಟು ಮಡಿ ಮಾಡ್ತೀಯ, ಚಿಕ್ಕಪ್ಪನ ಹತ್ತಿರ ಮಾತ್ರ ಮಾತಾಡಲ್ಲ" ಎಂದಳು. ಉತ್ತರ ಹೇಳಲಾಗಲಿಲ್ಲ. ಅವಳ ಮಾತು ನಿಜವೇ? ಮುಂದಿನ ತಿಂಗಳು ತಂದೆಯವರ ಶ್ರಾದ್ಧವಿದೆ. ಶಾಂತಿ ಮಾಡಿಸಬೇಕೇ?
– ಹೆಸರು ಬೇಡವೆಂದ ಓದುಗರು, ಬೆಂಗಳೂರು

ಉತ್ತರ: ಸ್ವಾಮಿ, ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಮಗಳದ್ದು, ಇನ್ನೊಂದು ನಿಮ್ಮದು. ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿದರೆ ನಿಮ್ಮದಕ್ಕೂ ಸಿಕ್ಕಿದ ಹಾಗೆಯೇ. ಹಾಗಾಗಿ ಆ ಮಗುವನ್ನು ಗದರಿಸಬೇಡಿ. ಅವಳು ಕೇಳಿಸಿಕೊಂಡು ಬಂದದ್ದು ಏನು ಅಂತ ಮೊದಲು ಸರಿಯಾಗಿ ತಿಳಿದುಕೊಳ್ಳೋಣ. ಬೇರೆಯವರ ಧರ್ಮವನ್ನು ಅರ್ಧ ತಿಳಿದು ಹೊಗಳುವುದೂ ಸರಿಯಲ್ಲ, ಅರ್ಧ ತಿಳಿದು ತೆಗಳುವುದೂ ಸರಿಯಲ್ಲ.

ಆ ಮಾತು ಎಲ್ಲಿಯದು?

ಕ್ರೈಸ್ತರ ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಮೊದಲನೆಯದು ಮತ್ತಾಯನ ಸುವಾರ್ತೆ. ಅದರ 5ರಿಂದ 7ರವರೆಗಿನ ಮೂರು ಅಧ್ಯಾಯಗಳಿಗೆ ಪರ್ವತ ಪ್ರಸಂಗ ಎಂದು ಹೆಸರು. ಯೇಸು ಗುಡ್ಡದ ಮೇಲೆ ಕೂತು ಶಿಷ್ಯರಿಗೆ ಮಾಡಿದ ಉಪದೇಶ ಅದು. ಅಲ್ಲಿ ಅವರು ಹಳೆಯ ವಿಧಿಗಳನ್ನು ಒಂದೊಂದಾಗಿ ತೆಗೆದುಕೊಂಡು ಅದರ ಬೇರಿನವರೆಗೂ ಇಳಿಯುತ್ತಾರೆ. ಕೊಲೆ ಮಾಡಬಾರದು ಎಂಬುದು ವಿಧಿ. ಆದರೆ ಕೊಲೆಯ ಬೇರು ಕೋಪದಲ್ಲಿದೆ, ಆದ್ದರಿಂದ ಸೋದರನ ಮೇಲೆ ಕೋಪ ಇಟ್ಟುಕೊಂಡವನೂ ತಪ್ಪಿತಸ್ಥನೇ ಎನ್ನುತ್ತಾರೆ. ಪರಸ್ತ್ರೀಯನ್ನು ಮುಟ್ಟಬಾರದು ಎಂಬುದು ವಿಧಿ. ಆಸೆಯ ಕಣ್ಣಿಂದ ನೋಡಿದವನು ಮನಸ್ಸಿನಲ್ಲಿ ಆಗಲೇ ಆ ತಪ್ಪು ಮಾಡಿಯಾಯಿತು ಎನ್ನುತ್ತಾರೆ. ದಾನ, ಪ್ರಾರ್ಥನೆ, ಉಪವಾಸಗಳನ್ನು ಜನ ನೋಡಲಿ ಅಂತ ಮಾಡಬೇಡಿ. ಉಪವಾಸ ಇದ್ದ ದಿನವೂ ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಂಡು ಎಂದಿನ ಹಾಗೆ ಇರಿ ಎಂದೂ ಹೇಳುತ್ತಾರೆ.

ಈಗ ನಿಮಗೆ ನೇರವಾಗಿ ತಟ್ಟುವ ಮಾತು. ಐದನೆಯ ಅಧ್ಯಾಯದಲ್ಲೇ ಕೋಪದ ವಿಚಾರ ಮುಗಿದ ಕೂಡಲೇ ಅದು ಬರುತ್ತೆ. ಒಬ್ಬ ಯಜ್ಞವೇದಿಯ ಹತ್ತಿರ ಕಾಣಿಕೆ ಹಿಡಿದು ನಿಂತಿದ್ದಾನೆ. ಆಗ ಅವನಿಗೆ ತನ್ನ ಸೋದರನಿಗೆ ತನ್ನ ಮೇಲೆ ಅಸಮಾಧಾನವಿದೆ ಅಂತ ನೆನಪಾಗುತ್ತೆ. ಆಗ ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಹೋಗಿ ಸೋದರನೊಂದಿಗೆ ರಾಜಿಯಾಗಿ, ಆಮೇಲೆ ಬಂದು ಅರ್ಪಿಸಬೇಕು ಎಂಬುದು ಉಪದೇಶ.

ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಆ ಯಜ್ಞವೇದಿ ಇದ್ದದ್ದು ಜೆರುಸಲೇಮಿನ ದೇವಾಲಯದಲ್ಲಿ. ಕೇಳುತ್ತಿದ್ದ ಜನರಲ್ಲಿ ಬಹಳಷ್ಟು ಮಂದಿ ಗಲಿಲಾಯ ಸೀಮೆಯವರು. ಅಲ್ಲಿಂದ ಜೆರುಸಲೇಮಿಗೆ ನೂರು ಕಿಲೋಮೀಟರಿಗೂ ಹೆಚ್ಚು, ಕಾಲ್ನಡಿಗೆಯಲ್ಲಿ ಹಲವು ದಿನದ ದಾರಿ. ಅಷ್ಟು ದೂರ ಬಂದವನಿಗೆ ವಾಪಸ್ ಹೋಗು ಅನ್ನುವುದು ಸಣ್ಣ ಮಾತಲ್ಲ. ಎರಡನೆಯದು ಇನ್ನೂ ಮುಖ್ಯ. ನಿನಗೆ ಸೋದರನ ಮೇಲೆ ಕೋಪವಿದ್ದರೆ ಅಂತ ಅಲ್ಲಿಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ ಅಂತ ಇದೆ. "ನನ್ನ ಮನಸ್ಸಲ್ಲಿ ಏನೂ ಇಲ್ಲ ಸ್ವಾಮಿ, ಅವನೇ ಮುಖ ತಿರುಗಿಸಿಕೊಂಡು ಹೋಗ್ತಾನೆ" ಅಂತ ನಾವೆಲ್ಲ ಹೇಳ್ತೀವಲ್ಲ, ಆ ಬಾಗಿಲನ್ನೂ ಅಲ್ಲಿ ಮುಚ್ಚಿದ್ದಾರೆ.

ಈ ಒಳಗಿನ ಬದಲಾವಣೆಗೆ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಮೆಟನೋಯಾ ಎಂಬ ಶಬ್ದವಿದೆ. ಬುದ್ಧಿ, ಮನಸ್ಸು ಬೇರೆ ಕಡೆಗೆ ತಿರುಗುವುದು ಅಂತ ಅರ್ಥ. ಕನ್ನಡ ಕ್ರೈಸ್ತರು ಇದನ್ನು ಪಶ್ಚಾತ್ತಾಪ, ಮಾನಸಾಂತರ ಎನ್ನುತ್ತಾರೆ. 1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಚರ್ಚಿನ ಕ್ಷಮಾಪತ್ರಗಳ ಮಾರಾಟವನ್ನು ವಿರೋಧಿಸಿ 95 ವಾದಾಂಶಗಳನ್ನು ಬರೆದಾಗ, ಮೊದಲನೆಯದೇ ಈ ವಿಚಾರ. ಪಶ್ಚಾತ್ತಾಪ ಒಂದು ದಿನದ ಕರ್ಮವಲ್ಲ, ಬದುಕಿಡೀ ನಡೆಯಬೇಕಾದ್ದು ಎಂದು ಅವರ ವಾದ. ಹಣ ಕೊಟ್ಟು ದೋಷ ಕಳೆದುಕೊಳ್ಳುವ ಆಸೆ ಎಲ್ಲ ಧರ್ಮದವರಿಗೂ ಇದ್ದೇ ಇದೆ ಅಂತ ಇದರಿಂದ ತಿಳಿಯುತ್ತೆ.

ಹಾಗಾದರೆ ನಿಯಮ ಬೇಡವೇ?

ಇಲ್ಲಿ ನಿಮ್ಮ ಮಗಳು ಸ್ವಲ್ಪ ನಿಲ್ಲಬೇಕು. ಯೇಸು ನಿಯಮ ಬಿಡಿ ಎಂದು ಹೇಳಲಿಲ್ಲ. ಶಾಸ್ತ್ರವನ್ನು ರದ್ದುಮಾಡುವುದು ತನ್ನ ಉದ್ದೇಶವಲ್ಲ, ಅದನ್ನು ಪರಿಪೂರ್ಣ ಮಾಡುವುದು ಎಂದೇ ಅದೇ ಪ್ರಸಂಗದಲ್ಲಿ ಹೇಳುತ್ತಾರೆ. ಮತ್ತಾಯನ 23ನೆಯ ಅಧ್ಯಾಯದಲ್ಲಿ ಫರಿಸಾಯರೆಂಬ ಆಚಾರವಂತರ ಜೊತೆಗಿನ ವಾದ ಬರುತ್ತೆ. ಪುದೀನ, ಜೀರಿಗೆಯಂಥ ಸಣ್ಣ ಪದಾರ್ಥದಲ್ಲೂ ಹತ್ತರಲ್ಲೊಂದು ಪಾಲು ದೇವರಿಗೆ ಎತ್ತಿಡುತ್ತೀರಿ, ನ್ಯಾಯ ಕರುಣೆಗಳನ್ನು ಮರೆತಿದ್ದೀರಿ ಅಂತ ಆಕ್ಷೇಪ. ಆ ಜೀರಿಗೆಯ ಪಾಲು ಬೇಡ ಅಂತ ಅಲ್ಲಿ ಹೇಳಿಲ್ಲ. ಇದನ್ನೂ ಮಾಡಬೇಕಿತ್ತು, ಅದನ್ನೂ ಬಿಡಬಾರದಿತ್ತು ಎಂಬುದೇ ತೀರ್ಮಾನ.

ಹಾಗೆಯೇ, ಯಹೂದ್ಯರದು ಒಣ ನಿಯಮ, ಕ್ರೈಸ್ತರದು ಹೃದಯ ಎನ್ನುವುದೂ ಪೂರ್ತಿ ಸರಿಯಲ್ಲ. ಯೇಸು ಹುಟ್ಟಿದ್ದೇ ಯಹೂದ್ಯರಲ್ಲಿ. ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುವ ಮಾತು ಅವರಿಗಿಂತ ಹಲವು ಶತಮಾನ ಹಿಂದಿನ ಯೆಹೆಜ್ಕೇಲನೆಂಬ ಪ್ರವಾದಿಯದು. ಯಹೂದ್ಯರ ಮಿಷ್ನಾ ಎಂಬ ಧರ್ಮಗ್ರಂಥದಲ್ಲಿ ಯೋಮ್ ಕಿಪ್ಪುರ್ ಎಂಬ ಮಹಾ ಪ್ರಾಯಶ್ಚಿತ್ತ ದಿನದ ಬಗ್ಗೆ ಒಂದು ವಿಧಿ ಇದೆ. ದೇವರ ವಿಷಯದಲ್ಲಿ ಮಾಡಿದ ತಪ್ಪನ್ನು ಆ ದಿನ ಕಳೆಯುತ್ತೆ. ಮನುಷ್ಯನ ವಿಷಯದಲ್ಲಿ ಮಾಡಿದ್ದು, ಆ ಮನುಷ್ಯನನ್ನು ಸಮಾಧಾನಪಡಿಸುವ ತನಕ ಕಳೆಯದು. ನೋಡಿ, ಇದು ನಿಯಮವೇ. ಆದರೆ ಮನಸ್ಸನ್ನು ತಿರುಗಿಸುವ ನಿಯಮ.

ಕ್ರೈಸ್ತರಲ್ಲೂ ವಿಧಿಗಳು ಬೇಕಾದಷ್ಟಿವೆ. ಕೆಥೊಲಿಕರ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವ ಮೊದಲು ಅಕ್ಕಪಕ್ಕದವರಿಗೆ ಶಾಂತಿ ಕೋರುತ್ತಾರೆ. ಅದನ್ನು ಯಾಂತ್ರಿಕವಾಗಿ ಮಾಡಿ, ಮನೆಗೆ ಬಂದು ಅಣ್ಣನ ಮೇಲೆ ಕೇಸು ಹಾಕುವವರು ಅವರಲ್ಲೂ ಇರಬಹುದು. ಇದು ಮತದ ರೋಗವಲ್ಲ, ಮನುಷ್ಯನ ರೋಗ.

ನಮ್ಮ ಶಾಸ್ತ್ರ ಏನು ಹೇಳುತ್ತದೆ?

ನಮ್ಮಲ್ಲಿ ಬರೀ ನಿಯಮ ಎಂಬ ಮಾತಿಗೆ ಗೌತಮ ಧರ್ಮಸೂತ್ರವೇ ಉತ್ತರ. ಅದರ ಎಂಟನೆಯ ಅಧ್ಯಾಯದಲ್ಲಿ ಗರ್ಭಾಧಾನದಿಂದ ಹಿಡಿದು ಸೋಮಯಜ್ಞಗಳವರೆಗೆ 40 ಸಂಸ್ಕಾರಗಳ ಪಟ್ಟಿ ಇದೆ. ಅದು ಮುಗಿದ ಮೇಲೆ ಎಂಟು ಆತ್ಮಗುಣಗಳು: ಎಲ್ಲ ಜೀವಿಗಳಲ್ಲಿ ದಯೆ, ಕ್ಷಾಂತಿ ಎಂದರೆ ತಾಳ್ಮೆ, ಅನಸೂಯೆ, ಶೌಚ, ಅನಾಯಾಸ, ಮಂಗಲ, ಅಕಾರ್ಪಣ್ಯ, ಅಸ್ಪೃಹೆ. ಆಮೇಲೆ ಗೌತಮರ ತೀರ್ಪು. ನಲವತ್ತೂ ಸಂಸ್ಕಾರ ಆಗಿದ್ದು ಈ ಎಂಟು ಗುಣ ಇಲ್ಲದವನು ಬ್ರಹ್ಮಸಾಯುಜ್ಯ ಪಡೆಯನು. ಸಂಸ್ಕಾರಗಳಲ್ಲಿ ಕೆಲವೇ ಆಗಿದ್ದರೂ ಈ ಗುಣಗಳಿದ್ದವನು ಪಡೆಯುತ್ತಾನೆ. ಹೀಗೆ ಹೇಳಿದ್ದು ಸುಧಾರಕರಲ್ಲ, ಕರ್ಮವಿಧಿಗಳನ್ನೇ ಬರೆದ ಸೂತ್ರಕಾರರು.

ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಶ್ರೀಕೃಷ್ಣ ಪರಮಾತ್ಮ, ಕೈಕಾಲುಗಳನ್ನು ಮಾತ್ರ ಬಿಗಿಹಿಡಿದು ಮನಸ್ಸಲ್ಲಿ ವಿಷಯಗಳನ್ನೇ ಮೆಲುಕು ಹಾಕುವವನನ್ನು ಮಿಥ್ಯಾಚಾರಿ ಎಂದು ಕರೆಯುತ್ತಾನೆ. ಪರ್ವತ ಪ್ರಸಂಗದಲ್ಲಿ ಆಸೆಯ ಕಣ್ಣಿನ ಬಗ್ಗೆ ಹೇಳಿದ್ದು ಇದಕ್ಕೆ ಬಹಳ ಹತ್ತಿರ. ಹದಿನೇಳನೆಯ ಅಧ್ಯಾಯದಲ್ಲಿ ಮಾನಸ ತಪಸ್ಸಿನ ಲಕ್ಷಣ ಹೇಳುವಾಗ ಭಾವಶುದ್ಧಿಯನ್ನು ಸೇರಿಸಿದ್ದಾನೆ.

ಇನ್ನು ಶ್ರಾದ್ಧದ ವಿಷಯಕ್ಕೇ ಬರೋಣ. ಹೆಸರೇ ಶ್ರದ್ಧೆಯಿಂದ ಬಂದದ್ದು. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಶ್ರಾದ್ಧಕ್ಕೆ ಪವಿತ್ರವಾದವು ಮೂರು ಎಂದಿದೆ: ದೌಹಿತ್ರ ಅಂದರೆ ಮಗಳ ಮಗ, ಕುತಪ ಕಾಲ, ಎಳ್ಳು. ಇವನ್ನು ನಾವು ಮರೆಯುವುದಿಲ್ಲ. ಕುತಪ ಕಾಲ ಎಷ್ಟು ಹೊತ್ತಿಗೆ ಅಂತ ನನಗೆ ಫೋನ್ ಮಾಡಿ ಕೇಳ್ತಾರೆ, ಕರಿ ಎಳ್ಳು ಎಲ್ಲಿ ಚೆನ್ನಾಗಿ ಸಿಗುತ್ತೆ ಅಂತಲೂ ಕೇಳ್ತಾರೆ. ಆದರೆ ಅದೇ ಶ್ಲೋಕದ ಉತ್ತರಾರ್ಧದಲ್ಲಿ ಇನ್ನೂ ಮೂರನ್ನು ಹೊಗಳಿದ್ದಾರೆ: ಶುಚಿತ್ವ, ಕೋಪವಿಲ್ಲದಿರುವುದು, ಅವಸರವಿಲ್ಲದಿರುವುದು. ಅದನ್ನು ಯಾರೂ ಫೋನ್ ಮಾಡಿ ಕೇಳುವುದಿಲ್ಲ. ಅದಕ್ಕೂ ಸ್ವಲ್ಪ ಮುಂಚೆ ಇನ್ನೊಂದು ಎಚ್ಚರಿಕೆ ಇದೆ. ಶ್ರಾದ್ಧದಲ್ಲಿ ಕಣ್ಣೀರು ಹಾಕಿದರೆ ಆ ಅನ್ನ ಪ್ರೇತಗಳಿಗೆ, ಸುಳ್ಳಾಡಿದರೆ ನಾಯಿಗಳಿಗೆ, ಕೋಪಗೊಂಡರೆ ಶತ್ರುಗಳಿಗೆ ಹೋಗುತ್ತೆ ಅಂತ. ಅಂದರೆ ಸ್ವಾಮಿ, ಎಷ್ಟು ಮಡಿಯಲ್ಲಿ ಬೇಯಿಸಿದರೂ ಕೋಪದಲ್ಲಿ ಬಡಿಸಿದ್ದು ತಂದೆಯವರಿಗೆ ತಲುಪದು ಎಂಬುದು ಶಾಸ್ತ್ರವೇ ಹೇಳಿದ ಮಾತು.

ಪ್ರಾಯಶ್ಚಿತ್ತದ ವಿಚಾರವೂ ಹಾಗೆಯೇ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಪಾಪ ಕಳೆಯುವ ದಾರಿಗಳಲ್ಲಿ ಮೊದಲು ಬರುವುದು ತಪ್ಪನ್ನು ಬಾಯಿಬಿಟ್ಟು ಹೇಳುವುದು, ಆಮೇಲೆ ಅನುತಾಪ, ನಂತರ ತಪಸ್ಸು, ಅಧ್ಯಯನ. ಇನ್ನು ಮುಂದೆ ಹೀಗೆ ಮಾಡಲಾರೆ ಎಂದು ಹಿಂದೆ ಸರಿದರೇ ಶುದ್ಧಿ. ಮೆಟನೋಯಾ ಶಬ್ದ ನಮಗೆ ಹೊಸದಿರಬಹುದು, ವಿಚಾರ ಹೊಸದಲ್ಲ.

ಹಾಗಾದರೆ ಎರಡೂ ಒಂದೇನಾ?

ಒಂದೇ ಅಂತ ಹೇಳಿಬಿಡುವುದು ಸುಲಭ, ಆದರೆ ಅದು ಇಬ್ಬರಿಗೂ ಮರ್ಯಾದೆಯಲ್ಲ. ಕ್ರೈಸ್ತರ ನಂಬಿಕೆಯಲ್ಲಿ ಹೃದಯದ ಬದಲಾವಣೆ ಮನುಷ್ಯನ ಸ್ವಂತ ಪ್ರಯತ್ನದಿಂದಲೇ ಆಗುವಂಥದ್ದಲ್ಲ. ಯೇಸುವಿನ ಮೂಲಕ ಬರುವ ದೇವರ ಕೃಪೆ ಅದು. ಒಳ್ಳೆಯ ನಡತೆ ಅದರ ಫಲ. ನಮ್ಮಲ್ಲಿ ಸ್ಮಾರ್ತ ಸಂಪ್ರದಾಯದಲ್ಲಿ, ಫಲಾಪೇಕ್ಷೆಯಿಲ್ಲದೆ ಮಾಡಿದ ನಿತ್ಯಕರ್ಮದಿಂದ ಚಿತ್ತಶುದ್ಧಿ, ಚಿತ್ತಶುದ್ಧಿಯಿಂದ ಜ್ಞಾನ ಎಂಬ ಕ್ರಮವಿದೆ. ಅಲ್ಲಿ ಒಳಗಿನಿಂದ ಹೊರಕ್ಕೆ ಹರಿಯುತ್ತೆ. ಇಲ್ಲಿ ಹೊರಗಿನ ಕರ್ಮ ಒಳಗನ್ನು ತೊಳೆಯುತ್ತೆ. ಭಕ್ತಿಮಾರ್ಗದ ಆಚಾರ್ಯರು ಭಗವಂತನ ಅನುಗ್ರಹವೇ ಮುಖ್ಯ ಎಂದಿದ್ದಾರೆ, ಅದು ಬೇರೆ ವಿಚಾರ. ದಾರಿ ಯಾವುದೇ ಇರಲಿ, ಒಳಗು ತೊಳೆಯದೆ ಉಳಿದರೆ ಕರ್ಮ ಮುಗಿದ ಹಾಗಲ್ಲ ಎಂಬಲ್ಲಿ ಇಬ್ಬರಿಗೂ ಒಪ್ಪಿಗೆ.

ಮಗಳಿಗೆ ಹೀಗೆ ಹೇಳಿ: "ನಮ್ಮಲ್ಲೂ ಇದೆ ಮಗು. ನಾನು ಅರ್ಧ ಮಾಡ್ತಿದ್ದೆ, ಇನ್ನರ್ಧ ಮಾಡೋದಿದೆ." ಇಷ್ಟು ಸಾಕು. ಮಕ್ಕಳಿಗೆ ವಾದ ಬೇಡ, ಮಾಡಿ ತೋರಿಸಿದರೆ ನಂಬುತ್ತಾರೆ.

ಪಿತೃದೋಷದ ಶಾಂತಿ

ಜಾತಕದಲ್ಲಿ ರವಿಗೋ ಒಂಬತ್ತನೆಯ ಭಾವಕ್ಕೋ ರಾಹುವಿನ ಸಂಬಂಧ ಇದ್ದರೆ ಪಿತೃದೋಷ ಎಂದು ಹೇಳುವ ರೂಢಿ ಇದೆ. ಇರಲಿ. ಆದರೆ ಜಾತಕ ನೀವು ಹುಟ್ಟಿದ ದಿನದ್ದು. ತಮ್ಮನ ಜೊತೆ ಮಾತು ಬಿಟ್ಟದ್ದು ಸೈಟಿನ ಜಗಳದ ಮೇಲೆ. ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಮರೆಯುವುದು ಯಾಕೆ? ಕಿರಿಯ ಸೋದರರ ವಿಚಾರಕ್ಕೆ ನಾವು ನೋಡುವುದು ಮೂರನೆಯ ಭಾವವನ್ನು. ಆ ಭಾವದ ಶಾಂತಿ ನಿಮ್ಮ ಕೈಯಲ್ಲೇ ಇದೆ, ಖರ್ಚು ಆಟೋ ಚಾರ್ಜು ಅಷ್ಟೇ. ದೊಡ್ಡ ಶಾಂತಿಯನ್ನು ಈಗ ಮಾಡಿಸಬೇಡಿ. ಮೊದಲು ಈ ಕೆಲಸ ಮುಗಿಸಿ, ಆಮೇಲೂ ಮನಸ್ಸಿಗೆ ಬೇಕೆನಿಸಿದರೆ ನೋಡೋಣ.

ಈಗ ನೀವು ಮಾಡಬೇಕಾದ್ದು

ಒಂದು. ನಿಮ್ಮ ಪತ್ರದಲ್ಲಿ ಆ ಸೈಟು ಈಗ ಯಾರ ಹೆಸರಿನಲ್ಲಿದೆ, ಯಾರ ಕೈಯಲ್ಲಿದೆ ಅಂತ ಬರೆದಿಲ್ಲ. ಅದನ್ನು ನನಗೆ ಹೇಳಬೇಕಾಗಿಲ್ಲ, ನೀವೇ ಒಂಟಿಯಾಗಿ ಕೂತು ನೋಡಿಕೊಳ್ಳಿ. ತಮ್ಮನಿಗೆ ನ್ಯಾಯವಾಗಿ ಸೇರಬೇಕಾದ್ದು ನಿಮ್ಮಲ್ಲಿ ಉಳಿದಿದ್ದರೆ, ಬರೀ ಸಿಹಿ ಮಾತಿಂದ ಮನಸ್ಸು ಬದಲಾದ ಹಾಗಲ್ಲ. ಲೂಕನ ಸುವಾರ್ತೆಯಲ್ಲಿ ಜಕ್ಕಾಯ ಎಂಬ ಸುಂಕದ ಅಧಿಕಾರಿಯ ಕಥೆ ಇದೆ. ಅವನ ಮನಸ್ಸು ತಿರುಗಿದ ದಿನ ಅವನು ಅಳುತ್ತಾ ಕೂರಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕು ಪಟ್ಟು ವಾಪಸ್ ಎಂದು ಲೆಕ್ಕ ಹೇಳಿದ. ನಮ್ಮ ಮನುವೂ ಎಲ್ಲ ಶೌಚಗಳಲ್ಲಿ ಹಣದ ವಿಷಯದ ಶೌಚವೇ ದೊಡ್ಡದು, ಮಣ್ಣು ನೀರಿನಿಂದ ಆಗುವುದು ನಿಜವಾದ ಶುದ್ಧಿಯಲ್ಲ ಎಂದಿದ್ದಾರೆ. ಒಳಗು ಬದಲಾದದ್ದು ಗೊತ್ತಾಗುವುದೇ ಲೆಕ್ಕದ ಪುಸ್ತಕದಲ್ಲಿ.

ಎರಡು. ತಪ್ಪು ತಮ್ಮನದೇ ಇದ್ದರೂ ಹೋಗಿ. ಹಾಗಂತ ನಿಮ್ಮ ಪಾಲನ್ನು ಬಿಟ್ಟುಕೊಡಬೇಕಾಗಿಲ್ಲ. ಕಾಗದಪತ್ರ ವಕೀಲರ ಹತ್ತಿರ ನಡೆಯಲಿ, ಮಾತುಕತೆ ಮನೆಯಲ್ಲಿ ನಡೆಯಲಿ. ಎರಡನ್ನೂ ಒಂದೇ ದಿನ ಬೆರೆಸಬೇಡಿ.

ಮೂರು. ಶ್ರಾದ್ಧಕ್ಕೆ ಒಂದೆರಡು ವಾರ ಮೊದಲೇ ಹೋಗಿ. ಹಿಂದಿನ ದಿನ ಹೋದರೆ ಕರ್ಮಕ್ಕೋಸ್ಕರ ಬಂದ ಅಂತ ಅವರಿಗೆ ಅನಿಸುತ್ತೆ. ಮಧ್ಯಸ್ಥರು ಬೇಡ, ವಾಟ್ಸಾಪ್ ಬೇಡ. ನೀವು ಹಿರಿಯರು, "ನಿನ್ನ ಮನಸ್ಸಿಗೆ ನನ್ನಿಂದ ನೋವಾಗಿದೆ ಕಣಪ್ಪ, ಅದು ನನಗೆ ಗೊತ್ತು" ಅಂತ ಒಂದು ಮಾತು ಹೇಳಿ. ಆದರೆ, ನೀನು ಮಾಡಿದ್ದೂ ಹಾಗೇ ಇತ್ತಲ್ಲ ಎಂಬ ಬಾಲ ಸೇರಿಸಬೇಡಿ. ಅದು ಸೇರಿದರೆ ಇಡೀ ಮಾತು ಕೆಡುತ್ತೆ.

ನಾಲ್ಕು. ಭಾಗವಾದ ಮೇಲೆ ಅಣ್ಣತಮ್ಮಂದಿರು ಪ್ರತ್ಯೇಕ ಶ್ರಾದ್ಧ ಮಾಡುವುದಕ್ಕೆ ಶಾಸ್ತ್ರದ ಸಮ್ಮತಿ ಇದೆ. ಹಾಗಾಗಿ ಒಟ್ಟಿಗೆ ಮಾಡಲೇಬೇಕೆಂದು ಒತ್ತಾಯ ಬೇಡ. ಒಟ್ಟಿಗೆ ಮಾಡಿದರೆ ಸಂತೋಷ. ಬೇರೆ ಮಾಡಿದರೂ ಪರಸ್ಪರ ಕೋಪವಿಲ್ಲದೆ ಮಾಡಿದರೆ ಸಾಕು.

ಐದು. ತಮ್ಮ ಬಾಗಿಲು ತೆಗೆಯದಿದ್ದರೆ? ಕೈಲಾದ ಮಟ್ಟಿಗೆ ಎಲ್ಲರೊಂದಿಗೆ ಸಮಾಧಾನವಾಗಿರಿ ಎಂಬ ಅರ್ಥದ ಮಾತನ್ನು ಸಂತ ಪೌಲರು ರೋಮಿನವರಿಗೆ ಬರೆದಿದ್ದಾರೆ. ಎದುರಿನವರ ಮನಸ್ಸು ನಮ್ಮ ಕೈಯಲ್ಲಿಲ್ಲ ಎಂಬ ವಿವೇಕ ಅದರಲ್ಲಿದೆ. ನೀವು ಹೋಗಿ ಬಂದದ್ದು ನಿಮ್ಮ ಪಾಲಿನ ಕರ್ಮ, ಅದು ಪೂರ್ತಿಯಾಯಿತು. ಮತ್ತೆ ಹಬ್ಬಕ್ಕೆ ಒಮ್ಮೆ ಹೋಗಿ. ಮಂತ್ರಲೋಪ, ಕ್ರಿಯಾಲೋಪ ಆದರೆ ಕೊನೆಯಲ್ಲಿ ಭಗವಂತನ ನಾಮಸ್ಮರಣೆ ಮಾಡಿ ಪೂರ್ತಿಮಾಡಿಕೊಳ್ಳುತ್ತೇವೆ. ಬೇಕೆಂದೇ ಬಿಟ್ಟ ಮಾತುಕತೆಗೆ ಅಂಥ ಪರಿಹಾರ ಹುಡುಕಬೇಡಿ, ಅದಕ್ಕೆ ಕಾಲು ನಡೆಯಬೇಕು.

ಪ್ರಶ್ನೆ: ಮಾವನವರ ಶ್ರಾದ್ಧದ ದಿನ ನನ್ನ ಸೊಸೆ ಮಡಿಯನ್ನು ಸರಿಯಾಗಿ ಪಾಲಿಸುವುದಿಲ್ಲ. ಹೇಳಿದರೆ ಅಡಿಗೆಮನೆಯಲ್ಲೇ ಜಗಳವಾಗುತ್ತದೆ. ಈ ದೋಷ ಯಾರಿಗೆ?
– ಒಬ್ಬ ಗೃಹಿಣಿ, ಮೈಸೂರು

ಉತ್ತರ: ತಾಯಿ, ಮೇಲಿನ ಉತ್ತರವನ್ನು ಓದಿದರೆ ನಿಮಗೂ ಅರ್ಧ ಸಿಕ್ಕಿರುತ್ತೆ. ಮಡಿ ಬೇಡವೆಂದು ನಾನು ಹೇಳುವುದಿಲ್ಲ. ಶುಚಿತ್ವವೂ ಮನು ಹೇಳಿದ ಮೂರರಲ್ಲಿ ಒಂದು. ಆದರೆ ಅದರ ಪಕ್ಕದಲ್ಲೇ ಅಕ್ರೋಧವೂ ಇದೆಯಲ್ಲ! ಒಂದನ್ನು ಉಳಿಸಲು ಇನ್ನೊಂದನ್ನು ಕಳೆದರೆ ಲೆಕ್ಕ ಸರಿಹೋಗದು.

ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲೂ ಇಂಥದ್ದೇ ಒಂದು ಚರ್ಚೆ ಇದೆ. ಊಟಕ್ಕೆ ಮೊದಲು ಸಂಪ್ರದಾಯದಂತೆ ಕೈ ತೊಳೆಯಲಿಲ್ಲ ಎಂದು ಯೇಸುವಿನ ಶಿಷ್ಯರ ಮೇಲೆ ಆಕ್ಷೇಪ ಬಂತು. ಬಾಯಿಂದ ಒಳಗೆ ಹೋದದ್ದಲ್ಲ, ಮನಸ್ಸಿಂದ ಹೊರಗೆ ಬರುವ ಕೆಟ್ಟದ್ದೇ ಮನುಷ್ಯನನ್ನು ಮೈಲಿಗೆ ಮಾಡುವುದು ಎಂದು ಅಲ್ಲಿಯ ಉತ್ತರ. ನಮ್ಮ ದಾಸರೂ ಬಟ್ಟೆಯ ಮಡಿಗಿಂತ ಮನಸ್ಸಿನ ಮಡಿ ದೊಡ್ಡದೆಂದು ಹಾಡಿದ್ದಾರೆ.

ಸೊಸೆಗೆ ನಿಯಮದ ಕಾರಣ ತಿಳಿಸಿ, ಶ್ರಾದ್ಧದ ದಿನವಲ್ಲ, ಅದಕ್ಕೆ ಮುಂಚೆ ಬಿಡುವಾದ ಒಂದು ದಿನ. ಕೆಲಸಕ್ಕೆ ಹೋಗುವ ಹುಡುಗಿಯಾದರೆ ಅವಳ ಕೈಲಾಗುವ ಒಂದೆರಡು ಅಡಿಗೆ ಮಾತ್ರ ವಹಿಸಿ, ಉಳಿದದ್ದನ್ನು ನೀವು ನೋಡಿಕೊಳ್ಳಿ. ಆ ದಿನ ಏನಾದರೂ ಹೆಚ್ಚುಕಡಿಮೆಯಾದರೆ ಭಗವಂತನನ್ನು ನೆನೆದು ಮುಂದುವರಿಸಿ, ಬಾಯಿ ಮಾತ್ರ ಬಿಡಬೇಡಿ. ದೋಷ ಯಾರಿಗೆ ಅಂತ ಕೇಳಿದಿರಿ. ಆ ಪ್ರಶ್ನೆ ಮನೆಯಲ್ಲಿ ಏಳದ ಹಾಗೆ ನೋಡಿಕೊಂಡರೆ ಯಾರಿಗೂ ಇಲ್ಲ ತಾಯಿ. ನಿಮ್ಮ ಮನೆಯ ಹಿರಿಯರು ತೃಪ್ತರಾಗಲಿ. ಶುಭಮಸ್ತು.